ಆಚೆ ಗುಡ್ಡದ ಕೃಪಾವತಿ

ಆರಾಧನೆ ಮುಗಿದು ಜನ ಹೊರಟುಹೋದ ಮೇಲೂ ಬಾಳೂರಿನ ಪ್ರಾರ್ಥನಾ ಮಂದಿರದಲ್ಲಿ ಕೆಲವರು ಉಳಿದುಕೊಂಡಿದ್ದರು. ಸುಗುಣಮ್ಮ ಚಾಪೆಗಳನ್ನು ಸುತ್ತಿ ಗೋಡೆಗೆ ಒರಗಿಸುತ್ತಿದ್ದಳು. ಅಂಗನವಾಡಿ ಟೀಚರಾಗಿದ್ದ ಅವಳೇ ಸಭೆಯ ಹೆಂಗಸರ ಕೂಟವನ್ನೂ ನಡೆಸುತ್ತಿದ್ದಳು. ಕಾಫಿ ಕೊಯ್ಲು ಮುಗಿಯುತ್ತ ಬಂದಿತ್ತು. ಇನ್ನು ಎಸ್ಟೇಟುಗಳಿಂದ ಆರಾಧನೆಗೆ ಬರುವವರು ಹೆಚ್ಚುತ್ತಾರೆ. ಆದರೆ ಅಂದಿನ ಮಾತು ಬರುವವರದ್ದಲ್ಲ, ಬರಬಾರದವಳದ್ದು.

"ನಾನು ಕಟುಕ ಅಲ್ಲ ಪಾಸ್ಟ್ರೇ," ಎಂದರು ಸಮಾಧಾನಪ್ಪ. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿ ನಿವೃತ್ತರಾಗಿದ್ದ ಅವರು ಸಭೆಯ ಹಿರಿಯರು. "ಆದ್ರೆ ನನ್ನ ಸೊಸೆ ಬಸುರಿ. ಕೃಪಾವತಿ ಕುಡಿದ ಪಾತ್ರೆಯಿಂದಲೇ ಅವ್ಳೂ ಕುಡೀಬೇಕು. ನಾಳೆ ಏನಾದ್ರೂ ಆದ್ರೆ ಕುವೈತಲ್ಲಿರೋ ಮಗನಿಗೆ ಏನಂತ ಹೇಳ್ಲಿ?"

ತಿಂಗಳಿಗೊಮ್ಮೆ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡಲು ಮೂಡಿಗೆರೆಯಿಂದ ಬರುತ್ತಿದ್ದ ಪಾಸ್ಟರ್ ಜ್ಞಾನಮಿತ್ರ ನೆಲ ನೋಡಿದರು. "ಡಾಕ್ಟ್ರನ್ನ ಕೇಳಿದೀನಿ. ಒಟ್ಟಿಗೆ ಕೂತ್ರೆ, ಒಂದೇ ಪಾತ್ರೆಯಲ್ಲಿ ಕುಡಿದ್ರೆ ಏಡ್ಸ್ ಬರೋದಿಲ್ಲ ಅಂದ್ರು."

"ಡಾಕ್ಟ್ರು ಇಲ್ಲಿಗೆ ಬಂದು ಕುಡಿದು ತೋರಿಸ್ತಾರಾ?"

ಅಂದು ಬೆಳಿಗ್ಗೆ ಕೃಪಾವತಿ ಕುಡಿದ ಮೇಲೆ, ಹಿಂದೆ ಮೊಣಕಾಲೂರಿದ್ದ ಹೆಂಗಸರು ಪಾತ್ರೆಯನ್ನು ಮುಟ್ಟದೆ ಎದ್ದುಹೋಗಿದ್ದನ್ನು ಎಲ್ಲರೂ ಕಂಡಿದ್ದರು. ಅವಳ ಗಂಡ ಎಲಿಯಾ ಎಸ್ಟೇಟಿನ ಲಾರಿ ಡ್ರೈವರ್. ಹೋದ ವರ್ಷ ಸತ್ತ. ಯಾವ ಕಾಯಿಲೆಯಿಂದ ಸತ್ತನೆಂಬುದು ಆಸ್ಪತ್ರೆಯಿಂದ ಊರಿಗೆ ಅವನ ಹೆಣಕ್ಕಿಂತ ಮೊದಲೇ ತಲುಪಿತ್ತು. ಈಗ ಕೃಪಾವತಿಯೂ ದಿನದಿನಕ್ಕೆ ಸೊರಗುತ್ತಿದ್ದಳು.

"ಸಭೆ ಒಡೆದುಹೋಗಬಾರದು," ಎಂದರು ಪಾಸ್ಟರು ಕೊನೆಗೆ. "ಅವ್ರು ಮನೆಯಲ್ಲೇ ಪ್ರಾರ್ಥನೆ ಮಾಡ್ಲಿ. ಆತ್ಮದಲ್ಲಿ ನಾವೆಲ್ಲ ಒಂದೇ ತಾನೆ. ಸುಗುಣಮ್ಮ, ನೀವು ಹೇಳಿದ್ರೆ ನೋವಾಗೋದಿಲ್ಲ."

ಸುಗುಣಮ್ಮ ಒಲ್ಲೆನೆನ್ನಲಿಲ್ಲ. ಬೇರೆಯವರು ಹೋಗಿ ಒರಟಾಗಿ ಹೇಳುವುದಕ್ಕಿಂತ ತಾನು ಮೆತ್ತಗೆ ಹೇಳುವುದೇ ಮೇಲು ಎಂದುಕೊಂಡಳು.

ಮಂದಿರದ ಎದುರಿನ ಗುಡ್ಡದಲ್ಲಿ, ಹಳ್ಳದ ಆಚೆ, ಎಸ್ಟೇಟಿನ ಕೂಲಿ ಲೈನು. ಕೃಪಾವತಿ ಕೊನೆಯ ಮನೆಯಲ್ಲಿದ್ದಳು. ಸುಗುಣಮ್ಮನನ್ನು ಕಂಡು ಅವಳ ಮುಖ ಅರಳಿತು. ಒಲೆಯ ಮೇಲೆ ನೀರಿಡಲು ಹೋದಳು.

"ಬೇಡ ಕೃಪಾ, ಈಗಷ್ಟೇ ಕುಡಿದು ಬಂದೆ," ಎಂದಳು ಸುಗುಣಮ್ಮ. ಬೆಳಿಗ್ಗೆಯಿಂದ ಅವಳು ಒಂದು ಲೋಟ ಕಾಫಿಯನ್ನೂ ಕುಡಿದಿರಲಿಲ್ಲ.

ಕೃಪಾವತಿ ಪಾತ್ರೆಯನ್ನು ಕೆಳಗಿಟ್ಟಳು. ಬಂದ ಕೆಲಸ ಅವಳಿಗೆ ಅಲ್ಲೇ ತಿಳಿದಿರಬೇಕು. ಸುಗುಣಮ್ಮ ದೈವಭಕ್ತಿಯ ಮಾತನ್ನೆಲ್ಲ ಸೇರಿಸಿ ಹೇಳಿದಳು: ದೇವರು ಮಂದಿರದಲ್ಲಿ ಮಾತ್ರ ಇರುವವನಲ್ಲ, ಭಾನುವಾರ ಗಂಟೆ ಹೊಡೆದಾಗ ನೀನಿಲ್ಲಿ ಕೂತುಕೋ, ನಾವಲ್ಲಿ ಕೂರುತ್ತೇವೆ, ನಿನ್ನ ಹೆಸರು ಹೇಳಿ ಪ್ರಾರ್ಥಿಸುತ್ತೇವೆ, ಆತ್ಮಕ್ಕೆ ಹಳ್ಳವೂ ಇಲ್ಲ, ಗುಡ್ಡವೂ ಇಲ್ಲ.

"ಎಷ್ಟು ದಿನಕ್ಕೆ ಅಕ್ಕ?"

"ನೀನು ಹುಷಾರಾಗೋವರೆಗೆ."

ಕೃಪಾವತಿ ಪಾತ್ರೆಯ ನೀರನ್ನು ಹೊರಗೆ ಚೆಲ್ಲಿದಳು. "ಆಯ್ತು," ಎಂದಳು.

ಮೊದಮೊದಲು ಸಭೆಯಲ್ಲಿ ಅವಳ ಹೆಸರು ಬರುತ್ತಿತ್ತು. ಆಮೇಲೆ "ನಮ್ಮ ರೋಗಿಗಳು" ಎಂಬ ಮಾತಿನೊಳಗೆ ಅದು ಸೇರಿಹೋಯಿತು. ಕಾಫಿ ಹೂವಾಯಿತು, ಮಳೆ ಹಿಡಿಯಿತು. ಸುಗುಣಮ್ಮನಿಗೆ ಅಂಗನವಾಡಿ, ಪೋಲಿಯೋ ಹನಿ, ಕೆಸರು ದಾರಿ, ಹಳ್ಳದ ನೀರು. ಹೋಗದಿರಲು ದಿನಕ್ಕೊಂದು ಕಾರಣವಿತ್ತು, ಎಲ್ಲವೂ ನಿಜವಾದ ಕಾರಣಗಳೇ. ಪಾತ್ರೆಗೆ ಈಗ ಎಲ್ಲರೂ ತುಟಿಯಿಡುತ್ತಿದ್ದರು. ಸಭೆ ಒಡೆಯಲಿಲ್ಲ.

ಸಮಾಧಾನಪ್ಪನವರ ಮಗ ದಿನಕರನ ಹೆಸರು ಮಾತ್ರ ಒಂದು ವಾರವೂ ತಪ್ಪುತ್ತಿರಲಿಲ್ಲ. ಕುವೈತಿನ ಸೆಕೆ, ಅವನ ಮೇಸ್ತ್ರಿಯ ಕಾಟ, ಅವನ ಕಾಲುನೋವು ಎಲ್ಲ ಸಭೆಗೆ ಬಾಯಿಪಾಠ. ಅವನೂ ಫೋನಿನಲ್ಲಿ ಹೇಳುತ್ತಿದ್ದನಂತೆ: "ನೀವು ಪ್ರಾರ್ಥನೆ ಮಾಡೋದು ನನಗಿಲ್ಲಿ ಗೊತ್ತಾಗುತ್ತೆ ಅಪ್ಪ." ಅದನ್ನು ಹೇಳುವಾಗ ಸಮಾಧಾನಪ್ಪ ಕಣ್ಣೊರೆಸಿಕೊಳ್ಳುತ್ತಿದ್ದರು. ಅದು ನಟನೆಯಲ್ಲ.

ಆಗಸ್ಟಿನ ಒಂದು ಭಾನುವಾರ ಅವರು, "ಸುಗುಣಮ್ಮ, ದೂರದಲ್ಲಿ ಒಂಟಿಯಾಗಿರೋ ನಮ್ಮವರಿಗೋಸ್ಕರ ಪ್ರಾರ್ಥನೆ ಮಾಡಿ," ಎಂದರು. ಸುಗುಣಮ್ಮ ಎದ್ದು ಕಣ್ಣು ಮುಚ್ಚಿ ದಿನಕರನಿಗಾಗಿ ಪ್ರಾರ್ಥಿಸಿದಳು. ಮುಂದಿನ ಹೆಸರಿಗೆ ಬಾಯಿ ತೆರೆದಳು. ಕೃಪಾವತಿ ಬದುಕಿದ್ದಾಳೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಪ್ರಾರ್ಥನೆ ಅರ್ಧಕ್ಕೇ ನಿಂತಿತು. ಪಕ್ಕದವರು ಅವಳಿಗೆ ತಲೆಸುತ್ತು ಬಂತೆಂದು ಕೂರಿಸಿದರು.

ಅಂದು ಮಧ್ಯಾಹ್ನವೇ ಅವಳು ಹಳ್ಳ ದಾಟಿದಳು. ಪಕ್ಕದ ಮನೆಯ ಭಾಗಮ್ಮ ಬಾಗಿಲಲ್ಲಿ ಸಿಕ್ಕಿದಳು. ಸಭೆಯವರ ದೇವರಿಗೂ ಅವಳಿಗೂ ಸಂಬಂಧವಿರಲಿಲ್ಲ. "ಈಗ ಬಂದ್ರಾ ಟೀಚರೇ?" ಎಂದಳು. "ನಂಗೂ ಹೆದರಿಕೆನೇ ಮಾರಾಯ್ರೆ, ಮಕ್ಕಳನ್ನ ಒಳಗೆ ಬಿಡಲ್ಲ. ಗಂಜಿ ತಂದು ಕೊಡ್ತೀನಿ. ಮನುಷ್ಯರಲ್ವಾ."

ಕೃಪಾವತಿ ಚಾಪೆಯ ಮೇಲೆ ಗುರುತು ಸಿಗದಷ್ಟು ಸಣ್ಣಗಾಗಿ ಮಲಗಿದ್ದಳು.

"ದಿನಕರನ ಕಾಲುನೋವು ಹೇಗಿದೆ ಅಕ್ಕ? ಸಮಾಧಾನಪ್ಪನೋರ ಸೊಸೆಗೆ ಹೆರಿಗೆ ಆಯ್ತಾ?"

"ಆಯ್ತು. ಹೆಣ್ಣು ಮಗು."

"ಗಂಟೆ ಹೊಡೆದಾಗೆಲ್ಲ ಎದ್ದು ಕೂರ್ತಿದ್ದೆ. ಈಗ ಕೂರೋಕಾಗಲ್ಲ, ಮಲಗೇ ಮಾಡ್ತೀನಿ. ಒಬ್ಬೊಬ್ಬರ ಹೆಸರೂ ಹೇಳ್ತೀನಿ. ನೀವೂ ಅಲ್ಲಿ ನನ್ನ ಹೆಸರು ಹೇಳ್ತಿರ್ತೀರಿ ಅಂತ ಧೈರ್ಯ." ಅವಳು ಉಸಿರು ತೆಗೆದುಕೊಂಡಳು. "ಹೇಳ್ತೀರಲ್ವಾ ಅಕ್ಕ?"

ಹೌದೆಂದರೆ ಅವಳು ನೆಮ್ಮದಿಯಿಂದ ಸಾಯುತ್ತಿದ್ದಳು. ಆದರೆ ಆ ಮನೆಯಲ್ಲಿ ಇನ್ನೊಂದು ಸುಳ್ಳು ಹೇಳಲು ಸುಗುಣಮ್ಮನಿಗೆ ನಾಲಿಗೆ ಹೊರಳಲಿಲ್ಲ.

"ಇಲ್ಲ ಕೃಪಾ. ಬಿಟ್ಟುಬಿಟ್ವಿ."

ಕೃಪಾವತಿ ಅಳಲಿಲ್ಲ. "ಹಾಗಾದ್ರೆ ಇಷ್ಟು ದಿನ ನಾನೊಬ್ಳೇ ಕೂತಿದ್ದೆ," ಎಂದು ಗೋಡೆಯ ಕಡೆ ಹೊರಳಿದಳು.

ಮರುದಿನದಿಂದ ಸುಗುಣಮ್ಮ ಸಂಜೆ ಅಂಗನವಾಡಿ ಮುಚ್ಚಿ ಅಲ್ಲಿಗೆ ಹೋಗತೊಡಗಿದಳು. ಮೈ ಒರೆಸಿದಳು, ಬಟ್ಟೆ ಒಗೆದಳು, ಗಂಜಿ ಕುಡಿಸಿ ಉಳಿದದ್ದನ್ನು ತಾನೂ ಕುಡಿದಳು. ಭಾನುವಾರ ಮಂದಿರಕ್ಕೆ ಹೋಗದೆ ಅಲ್ಲೇ ಕೂತಳು. ಸುದ್ದಿ ತಿಳಿದ ಸಮಾಧಾನಪ್ಪ ಅಂಗನವಾಡಿಯ ಹತ್ತಿರವೇ ಬಂದರು.

"ಹೋಗೋದು ನಿಮ್ಮಿಷ್ಟ. ಆದ್ರೆ ಅವಳನ್ನ ಮುಟ್ಟಿದ ಕೈಯಲ್ಲೇ ಇಲ್ಲಿ ಮಕ್ಕಳನ್ನೂ ಮುಟ್ತೀರಲ್ಲ?"

"ಹೌದು, ಮುಟ್ತೀನಿ. ಹೆದರಿಕೆ ಇದ್ದೋರು ಕಳಿಸೋದು ಬೇಡ."

ಕೆಲವರು ಕಳಿಸಲಿಲ್ಲ. ಮೇಲಧಿಕಾರಿಗೆ ದೂರು ಹೋಯಿತು. ಕರ್ತನ ಭೋಜನವನ್ನು ಲೈನಿಗೇ ತಂದುಕೊಡಿ ಎಂದು ಅವಳು ಪಾಸ್ಟರಿಗೆ ಫೋನು ಮಾಡಿದಾಗ ಅವರು, "ಖಂಡಿತ, ಮುಂದಿನ ತಿಂಗಳು ಬಂದಾಗ," ಎಂದರು.

ಕೃಪಾವತಿ ಅವಳನ್ನು ಕ್ಷಮಿಸಿದೆನೆಂದು ಹೇಳಲಿಲ್ಲ. ಮಾತೇ ಆಡುತ್ತಿರಲಿಲ್ಲ. ಸುಗುಣಮ್ಮ ಒಬ್ಬಳೇ ಕೀರ್ತನೆ ಹಾಡುತ್ತಿದ್ದಳು, ಕೃಪಾವತಿ ಗೋಡೆ ನೋಡುತ್ತಿದ್ದಳು. ಒಮ್ಮೆ ಮಾತ್ರ, ಹಾಡಿನ ನಡುವೆ, ತಿರುಗದೆಯೇ ಹೇಳಿದಳು: "ಒಂದು ಚರಣ ಬಿಟ್ರಿ." ಸುಗುಣಮ್ಮ ಹಿಂದಕ್ಕೆ ಹೋಗಿ ಆ ಚರಣವನ್ನು ಹಾಡಿದಳು.

ಆ ವಾರವೇ ಕೃಪಾವತಿ ತೀರಿಕೊಂಡಳು. ಪಾಸ್ಟರು ಹೇಳಿದ ಮುಂದಿನ ತಿಂಗಳು ಇನ್ನೂ ಬಂದಿರಲಿಲ್ಲ.

ಮಂದಿರದ ಹಿಂದೆ, ಸಿಲ್ವರ್ ಓಕ್ ಮರಗಳ ಕೆಳಗೆ ಗುಂಡಿ ತೋಡಿದರು. ಪೆಟ್ಟಿಗೆಯನ್ನು ಭಾಗಮ್ಮನ ಗಂಡ ಮತ್ತು ಲೈನಿನ ಗಂಡಸರು ಹೊತ್ತು ತಂದರು. ಸಭೆಯವರೆಲ್ಲ ಬಂದಿದ್ದರು, ಒಬ್ಬರೂ ತಪ್ಪಿರಲಿಲ್ಲ. ಆದರೆ ಬೇಲಿಯ ಹತ್ತಿರವೇ ಕೊಡೆ ಹಿಡಿದು ನಿಂತುಬಿಟ್ಟರು. ಗುಂಡಿಯ ಅಂಚಿನಲ್ಲಿ ಪಾಸ್ಟರು, ಸುಗುಣಮ್ಮ ಮತ್ತು ಭಾಗಮ್ಮ ಮಾತ್ರ ನಿಂತಿದ್ದರು.

ಹಿರಿಯರಾದ ಸಮಾಧಾನಪ್ಪ ನಿಂತಲ್ಲಿಂದಲೇ ಪ್ರಾರ್ಥಿಸಿದರು. ಬಹಳ ಚೆನ್ನಾಗಿ ಪ್ರಾರ್ಥಿಸಿದರು. ದೇಹದಲ್ಲಿ ದೂರವಿದ್ದರೂ ಆತ್ಮದಲ್ಲಿ ಸದಾ ನಮ್ಮೊಡನಿದ್ದ ಸಹೋದರಿ ಕೃಪಾವತಿ ಎಂದರು. ಎಲ್ಲರೂ ಆಮೆನ್ ಎಂದರು. ಸುಗುಣಮ್ಮ ಅನ್ನಲಿಲ್ಲ.

ಪಾಸ್ಟರು ಪುಸ್ತಕ ಮುಚ್ಚಿ ಒಂದು ಹಿಡಿ ಮಣ್ಣು ಹಾಕಿದರು. ಭಾಗಮ್ಮ ಹಾಕಿದಳು. ಬೇಲಿಯ ಬಳಿ ಯಾರೂ ಅಲುಗಲಿಲ್ಲ. ಸುಗುಣಮ್ಮ ಬಗ್ಗಿ ಹಸಿ ಮಣ್ಣನ್ನು ತೆಗೆದುಕೊಂಡು ಅವರ ಕಡೆ ತಿರುಗಿದಳು.

"ಹತ್ತಿರ ಬನ್ನಿ ಸಮಾಧಾನಪ್ಪನೋರೇ. ಅಲ್ಲಿಂದ ಹಾಕಿದ ಮಣ್ಣು ಅವಳಿಗೆ ಮುಟ್ಟೋದಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಮಾಧಾನಪ್ಪ ಪಕ್ಕದಲ್ಲಿದ್ದ ಸೊಸೆಯನ್ನು ನೋಡಿದರು, ಅವಳ ಸೆರಗಿನೊಳಗಿದ್ದ ಕೂಸನ್ನು ನೋಡಿದರು. ಆಮೇಲೆ ಕೊಡೆಯನ್ನು ಸೊಸೆಯ ಕೈಗೆ ಕೊಟ್ಟು, ಕೆಸರಿನಲ್ಲಿ ಜಾರದಂತೆ ಒಂದೊಂದೇ ಹೆಜ್ಜೆಯಿಟ್ಟು ಗುಂಡಿಯ ಅಂಚಿಗೆ ಬಂದರು. ಸುಗುಣಮ್ಮ ತನ್ನ ಕೈಯಲ್ಲಿದ್ದ ಮಣ್ಣನ್ನು ಅವರ ಅಂಗೈಗೆ ಸುರಿದಳು.