ನಾಡಿ ಹಿಡಿಯುವ ಕೈ

ಹೆಂಗಸರ ವಾರ್ಡಿನ ಕಸದ ಕೆಂಪು ಚೀಲ ಮಧ್ಯಾಹ್ನ ಹನ್ನೆರಡಕ್ಕೇ ತುಂಬಿತ್ತು. ಒಳಗಿದ್ದದ್ದು ಹೆಚ್ಚಾಗಿ ಗ್ಲೌಸ್. ದಾಂಡೇಲಿಯ ಆ ಆಸ್ಪತ್ರೆಯಲ್ಲಿ ನಾಡಿ ನೋಡಲು ಗ್ಲೌಸ್, ಮಾತ್ರೆ ಕೊಡಲು ಗ್ಲೌಸ್, ಫೈಲು ಎತ್ತಿಡಲೂ ಗ್ಲೌಸ್. ಕೊರೊನಾ ಹೋಗಿ ವರ್ಷಗಳಾದರೂ ಅದು ಕಲಿಸಿದ ಅಭ್ಯಾಸ ಹೋಗಿರಲಿಲ್ಲ.

ನರ್ಸಿಂಗ್ ಎರಡನೇ ವರ್ಷದ ತುಳಜಾ ಚೀಲದ ಪಕ್ಕ ನಿಂತು ನೋಟುಪುಸ್ತಕದಲ್ಲಿ ಗ್ಲೌಸಿಗೊಂದರಂತೆ ಗೆರೆ ಎಳೆಯುತ್ತಿದ್ದಳು. ಪರಿಸರದ ಪಾಠ ಮಾಡುವ ಅನ್ನಪೂರ್ಣಾ ಮೇಡಂ ಕೊಟ್ಟ ಕೆಲಸ ಅದು.

“ಹವಾಮಾನ ಬದಲಾಗೂದು ಅಂದ್ರ ಎಲ್ಲೋ ಹಿಮ ಕರಗೂದಷ್ಟ ಅಲ್ಲ,” ಎಂದಿದ್ದರು ತರಗತಿಯಲ್ಲಿ. “ನಮ್ಮ ಚೀಲ ಲಾರಿ ಹತ್ತಿ ಹೋಗಿ ಹಬಿ ಯಂತ್ರದೊಳಗ ಬೇಯಬೇಕು. ಡೀಸೆಲ್ ಬೇಕು, ಕರೆಂಟ್ ಬೇಕು. ಒಂದು ದಿನ ಬರಕೊರ್ರಿ, ಯಾವ ಕೆಲಸಕ್ಕ ಗ್ಲೌಸ್ ಬೇಕಾಗಿತ್ತು, ಯಾವುದಕ್ಕ ಕೈ ತೊಳಕೊಂಡಿದ್ರ ಸಾಕಾಗಿತ್ತು.”

ಬರೆದು ನೋಡಿದರೆ ನೂರರಲ್ಲಿ ಎಪ್ಪತ್ತು ಬೇಡದವೇ. ಪಟ್ಟಿ ನೋಡಿದ ವಾರ್ಡಿನ ಹಿರಿಯ ನರ್ಸ್ ಲಕ್ಷ್ಮಿ ಸಿಸ್ಟರ್ ಮುಖ ಗಂಟಿಕ್ಕಿದರು.

“ಪಾಠ ಹೇಳೋರಿಗೆ ಏನು, ಹೇಳ್ತಾರ. ಕೊರೊನಾದಾಗ ನನ್ನ ಜೋಡಿ ಡ್ಯೂಟಿ ಮಾಡಿದಾಕಿ ಇವತ್ತ ಇಲ್ಲ. ನನ್ನ ವಾರ್ಡಿನ್ಯಾಗ ಗ್ಲೌಸ್ ಇಲ್ದ ಪೇಷಂಟ್ ಮುಟ್ಟಿದ್ರ ನಿನ್ನ ಪ್ರಾಕ್ಟಿಕಲ್ ಪುಸ್ತಕಕ್ಕ ನಾ ಸಹಿ ಹಾಕೂದಿಲ್ಲ.”

ಅವರ ಭಯ ಸುಳ್ಳಲ್ಲವೆಂದು ತುಳಜಾಳಿಗೂ ಗೊತ್ತಿತ್ತು. ಆದರೆ ಆ ಸಹಿ ಇಲ್ಲದೆ ಪರೀಕ್ಷೆಗೆ ಕೂರುವಂತಿರಲಿಲ್ಲ. ಒಂದು ವರ್ಷವೇ ಹೋಗುತ್ತಿತ್ತು. ತೆಪ್ಪಗೆ ಗ್ಲೌಸ್ ಹಾಕಿಕೊಂಡಳು.

ಕಿಟಕಿ ಪಕ್ಕದ ಮಂಚದಲ್ಲಿ ನಾನಿಬಾಯಿ ಇದ್ದಳು. ಹಳಿಯಾಳ ಕಡೆಯ ಗೌಳಿವಾಡಾದವಳು, ಎಮ್ಮೆ ಸಾಕುವ ಗೌಳಿಗರ ಕೇರಿಯವಳು, ಕಬ್ಬಿನ ಹೊಲದಲ್ಲಿ ಕಳೆ ತೆಗೆಯುವಾಗ ಬಿಸಿಲಿನ ಹೊಡೆತಕ್ಕೆ ಕುಸಿದು ಬಂದವಳು. ಈಚಿನ ಬೇಸಿಗೆಗಳಲ್ಲಿ ಇಂಥವರಿಗೆಂದೇ ಎರಡು ಮಂಚ ಕಾದಿರಿಸಬೇಕಾಗುತ್ತಿತ್ತು. ಸೇರಿಸಿ ಹೋದ ಗಂಡ ಗಂಗಾರಾಮ ಮೂರು ದಿನವಾದರೂ ತಿರುಗಿ ಬಂದಿರಲಿಲ್ಲ. ಮನೆಯವರು ಕೈಬಿಟ್ಟರೆಂದು ವಾರ್ಡಿನಲ್ಲಿ ಮಾತಾಗಿತ್ತು.

ಚರ್ಮ ಇನ್ನೂ ಒಣಗಿದೆಯೇ, ಬೆವರುತ್ತಿದೆಯೇ ಎಂದು ತುಳಜಾ ಮುಟ್ಟಿ ನೋಡಿದಳು. ರಬ್ಬರಿನ ಒಳಗಿನ ಬೆರಳಿಗೆ ಏನೂ ತಿಳಿಯಲಿಲ್ಲ. ಒಮ್ಮೆ ಬಾಗಿಲ ಕಡೆ ನೋಡಿದಳು. ಗ್ಲೌಸ್ ತೆಗೆದು, ಕೈ ತೊಳೆದು ಬಂದು, ಬರಿಗೈಯಲ್ಲಿ ಅವಳ ಮುಂಗೈ ಹಿಡಿದಳು.

ನಾನಿಬಾಯಿ ಕೈ ಕಿತ್ತುಕೊಂಡಳು. “ಮುಟ್ಟಬ್ಯಾಡವ್ವಾ. ನಿನಗೂ ಹತ್ತೀತು.”

“ಏನು ಹತ್ತತೈತಿ?”

ಕೇಳಿದವರು ಲಕ್ಷ್ಮಿ ಸಿಸ್ಟರ್. ಯಾವಾಗ ಬಂದು ಹಿಂದೆ ನಿಂತಿದ್ದರೋ. ಸಹಿ ಹೋಯಿತು ಎಂದುಕೊಂಡಳು ತುಳಜಾ.

“ನನ್ನ ಬ್ಯಾನಿ, ಬಾಯೀ,” ಎಂದಳು ನಾನಿಬಾಯಿ. “ನೀವೆಲ್ಲಾ ರಬ್ಬರ್ ಹಾಕ್ಕೊಂಡ ಮುಟ್ಟತೀರಿ. ಎಂಥಾದೋ ಹತ್ತೂ ಬ್ಯಾನಿ ಇರಬೇಕು, ನನಗ ಹೇಳವಲ್ರಿ ಅಂತ ತಿಳಕೊಂಡೆ. ಮನ್ಯಾಗ ಮೊಮ್ಮಗಳು ಸಣ್ಣಾಕಿ. ಯಾರೂ ಬರಬ್ಯಾಡ್ರಿ ಅಂತ ಫೋನಿನ್ಯಾಗ ಹೇಳೇನಿ.”

ಮೂರು ದಿನ ಇವಳನ್ನು ಒಂಟಿಯಾಗಿಸಿದ್ದು ಮನೆಯವರಲ್ಲ, ತಾನು ಎಂದು ತಿಳಿದು ಲಕ್ಷ್ಮಿ ಸಿಸ್ಟರ್‌ಗೆ ನಾಚಿಕೆಯಾಯಿತು. ಕೈಯಲ್ಲಿದ್ದ ಗ್ಲೌಸ್ ಕಳಚಿದರು. ನಲ್ಲಿಯ ಹತ್ತಿರ ಹೋಗಿ, ಸಾಬೂನು ಹಚ್ಚಿ, ಬೆರಳ ಸಂದಿಗಳನ್ನೂ ಬಿಡದೆ ತೊಳೆದರು. ಬಂದು ಮಂಚದ ಅಂಚಿನಲ್ಲಿ ಕುಳಿತು ನಾನಿಬಾಯಿಯ ನಾಡಿ ಹಿಡಿದರು. ನಿಮಿಷ ಮುಗಿದ ಮೇಲೂ ಕೈ ಬಿಡಲಿಲ್ಲ.

“ನಿಮಗ ಹತ್ತೂ ಬ್ಯಾನಿ ಇಲ್ಲ. ಬಿಸಲಿನ ತ್ರಾಸು ಅಷ್ಟ,” ಎಂದರು. ಆಮೇಲೆ ತುಳಜಾಳ ಕಡೆ ತಿರುಗಿ, “ಇವ್ರ ಮನಿಗೆ ಫೋನ್ ಹಚ್ಚು. ಪುಸ್ತಕಾನೂ ತಗೊಂಡ ಬಾ,” ಎಂದರು.

ಸಂಜೆ ಗಂಗಾರಾಮ ಮೊಮ್ಮಗಳನ್ನು ಕರೆದುಕೊಂಡು ಬಂದ. ವಾರ್ಡಿನ ಹೊಸ್ತಿಲಲ್ಲೇ ನಿಂತು, ಕೈಗೆ ಏನಾದರೂ ಹಾಕಿಕೊಳ್ಳಬೇಕೇ ಎಂದು ಕೇಳಿದ.

“ಏನೂ ಬ್ಯಾಡ್ರಿ,” ಎಂದರು ಲಕ್ಷ್ಮಿ ಸಿಸ್ಟರ್. “ಅಲ್ಲಿ ಕೈ ತೊಳಕೊಂಡು ಒಳಗ ಬರ್ರಿ. ನಾನೂ ಹಂಗ ಮಾಡೇನಿ.”