ಹದಿನಾರು ಪೊಟ್ಟಣದ ಸರಾಸರಿ

ಒಂದೇ ಮನೆಯ ಸೊಸೆಯರು ಒಂದೇ ಕಾರ್ಖಾನೆಯ ಒಂದೇ ಕೋಣೆಯಲ್ಲಿ ಕೆಲಸಕ್ಕೂ ಸೇರಿಬಿಟ್ಟರೆ ಏನಾಗುತ್ತದೆಂದು ಬಲ್ಲವರು ನಮ್ಮ ಹಿರಿಸೊಸೆಯನ್ನು ಅಷ್ಟು ಸುಲಭಕ್ಕೆ ಬೈಯಲಾರರು. ಮನೆಯಲ್ಲಿ ಹೊಟ್ಟೆ ಉರಿದರೆ ಕೆಲಸಕ್ಕೆ ಹೋಗಿ ತಣ್ಣಗಾಗಬಹುದು, ಕೆಲಸದಲ್ಲಿ ಉರಿದರೆ ಮನೆಗೆ ಬಂದು. ಇವಳಿಗೆ ಎರಡು ಬಾಗಿಲೂ ಮುಚ್ಚಿದ್ದವು. ಎತ್ತ ತಿರುಗಿದರೂ ಮೈದುನನ ಹೆಂಡತಿ ನಗುನಗುತ್ತ ನಿಂತಿರುತ್ತಿದ್ದಳು.

ಆ ನಗುವೇ ಇವಳಿಗೆ ಆಗದು. ಅತ್ತೆಯ ಮಂಡಿನೋವಿಗೆ ವರ್ಷಗಟ್ಟಲೆ ಎಣ್ಣೆ ತಿಕ್ಕಿದವಳು ಹಿರಿಸೊಸೆ. ಕಿರಿಸೊಸೆ ಬಂದು ಒಂದು ದಿನ ತಿಕ್ಕಿದಳು, ಅಷ್ಟಕ್ಕೇ ಅತ್ತೆ, "ನಮ್ಮ ಪುಟ್ಟಿ ಕೈಗುಣವೇ ಕೈಗುಣ" ಎಂದು ನೆರೆಮನೆಯವರಿಗೂ ಕೇಳುವಂತೆ ಹೊಗಳಿದಳು. ಪುಟ್ಟಿಯಂತೆ ಪುಟ್ಟಿ! ಹಿರಿಸೊಸೆ ಈ ಮನೆಗೆ ಬಂದಾಗ ಇನ್ನೂ ಚಿಕ್ಕವಳಿದ್ದಳು, ಅವಳನ್ನು ಯಾರೂ ಪುಟ್ಟಿ ಎನ್ನಲಿಲ್ಲ.

ಅವರ ಕೆಲಸ ಬಟ್ಟೆ ಒಗೆಯುವ ಸಾಬೂನು ಪುಡಿಯ ಕಾರ್ಖಾನೆಯ ತೂಕದ ಕೋಣೆಯಲ್ಲಿ. ಕೆಳಗೆ ಯಂತ್ರ ಐನೂರು ಗ್ರಾಂ ಪೊಟ್ಟಣಗಳನ್ನು ತುಂಬುತ್ತ ಹೋಗುತ್ತದೆ. ಯಂತ್ರವಾದರೇನು, ಒಂದರಲ್ಲಿ ಚೂರು ಹೆಚ್ಚು, ಇನ್ನೊಂದರಲ್ಲಿ ಚೂರು ಕಡಿಮೆ ಬೀಳುವುದು ಇದ್ದದ್ದೇ. ಆ ತೂಕಗಳನ್ನೆಲ್ಲ ಗೆರೆಹಾಳೆಯ ಮೇಲೆ ಇಟ್ಟರೆ ನಡುವೆ ಎತ್ತರವಾಗಿ, ಎರಡು ಬದಿಗೂ ಇಳಿದುಹೋಗುವ ಗಂಟೆಯಾಕಾರ ಮೂಡುತ್ತದೆ. ಗಂಟೆ ಎಷ್ಟು ಅಗಲ ಹರಡಿದೆ ಎಂಬುದಕ್ಕೆ ಪುಸ್ತಕದಲ್ಲಿ ಮಾನಕ ವಿಚಲನೆ ಎಂಬ ಗಂಭೀರ ಹೆಸರಿದೆ. ತೂಕದ ಕೋಣೆಯಲ್ಲಿ ಅದಕ್ಕೆ ಬರೀ 'ಆಟ' ಎನ್ನುತ್ತಿದ್ದರು. ಈ ಯಂತ್ರದ ಪೊಟ್ಟಣಕ್ಕೆ ಎಂಟು ಗ್ರಾಂ ಆಟ.

ಗಂಟೆಗೊಮ್ಮೆ ಹದಿನಾರು ಪೊಟ್ಟಣ ತಂದು ತೂಗಿ, ಸರಾಸರಿ ತೆಗೆದು, ಯಂತ್ರ ನಡೆಯಲೋ ನಿಲ್ಲಲೋ ಎಂದು ಹೇಳುವುದು ಇವರ ಕೆಲಸ. ಹೊಸಬರೆಲ್ಲ ಎಡವುವುದು ಇಲ್ಲಿಯೇ. ಪೊಟ್ಟಣದ ಆಟ ಎಂಟಾದರೆ ಸರಾಸರಿಯ ಆಟವೂ ಎಂಟೇ ಎಂದುಕೊಳ್ಳುತ್ತಾರೆ. ಕಿರಿಸೊಸೆಯೂ ಹಾಗೇ ಅಂದುಕೊಂಡಿದ್ದಳು. ಅವಳನ್ನು ತಿದ್ದಿದವಳು ಹಿರಿಸೊಸೆಯೇ, ಅದೂ ಅಡುಗೆಮನೆಯಲ್ಲಿ, ಆಲೂಗಡ್ಡೆ ಹರಡಿಕೊಂಡು.

"ಒಂದು ಆಲೂಗಡ್ಡೆ ತಗೊ. ದೊಡ್ಡದೂ ಸಿಗಬಹುದು, ಚಿಕ್ಕದೂ ಸಿಗಬಹುದು. ಹದಿನಾರು ತಗೊಂಡ್ರೆ? ದೊಡ್ಡದು ಚಿಕ್ಕದು ಒಂದನ್ನೊಂದು ಸರಿಮಾಡ್ಕೊಳ್ತವೆ. ಸರಾಸರಿ ಅಷ್ಟು ಕುಣಿಯೋದಿಲ್ಲ. ಹದಿನಾರರ ವರ್ಗಮೂಲ ನಾಲ್ಕು, ಎಂಟನ್ನ ನಾಲ್ಕರಿಂದ ಭಾಗಿಸು. ಸರಾಸರಿಯ ಆಟ ಎರಡೇ ಗ್ರಾಂ."

"ಅಯ್ಯೋ, ಇಷ್ಟೇನಾ ಅಕ್ಕ! ಕಾಲೇಜಲ್ಲಿ ಯಾರೂ ಹೀಗೆ ಹೇಳ್ಕೊಡ್ಲಿಲ್ಲ," ಎಂದು ಕಿರಿಸೊಸೆ ಕಣ್ಣರಳಿಸಿದ್ದಳು. ಅವತ್ತು ಇವಳಿಗೂ ಒಳಗೊಳಗೇ ಹಿಗ್ಗಾಗಿತ್ತು. ಈಗ ನೆನೆಸಿಕೊಂಡರೆ ಕೈಯಾರೆ ಕತ್ತಿ ಮಸೆದುಕೊಟ್ಟೆನಲ್ಲ ಎಂದು ಸಂಕಟ. ಯಾಕೆಂದರೆ ಈಗ ತೂಕದ ಕೋಣೆಯ ಮುಖ್ಯಸ್ಥರು ನಿವೃತ್ತರಾಗಿದ್ದರು. ಕಿಟಕಿ ಪಕ್ಕದ ಅವರ ಕುರ್ಚಿ ಖಾಲಿ ಇತ್ತು. ಈ ವಾರ ನಿಮ್ಮಿಬ್ಬರಲ್ಲಿ ಒಬ್ಬರನ್ನು ಅಲ್ಲಿ ಕೂರಿಸುತ್ತೇನೆ ಎಂದು ಮ್ಯಾನೇಜರು ಹೇಳಿದ್ದರು. ಇಬ್ಬರಲ್ಲಿ ಒಬ್ಬರು! ನಿನ್ನೆ ಮೊನ್ನೆ ಬಂದವಳೂ ಲೆಕ್ಕಕ್ಕಿದ್ದಾಳೆಂಬುದೇ ಹಿರಿಸೊಸೆಗೆ ಕೆನ್ನೆಗೆ ಹೊಡೆದಂತಾಗಿತ್ತು. ಆ ಕುರ್ಚಿಯೂ ಅವಳ ಪಾಲಾದರೆ ಮನೆಯಲ್ಲಿ, ಹೊರಗೆ, ಎಲ್ಲಿಯೂ ತನ್ನದೆನ್ನುವುದು ಏನೂ ಉಳಿಯುವುದಿಲ್ಲ.

ಆ ಮಧ್ಯಾಹ್ನ ಕಿರಿಸೊಸೆ ಹದಿನಾರು ಪೊಟ್ಟಣ ತೂಗಿ, ಹುಬ್ಬು ಗಂಟಿಕ್ಕಿ, ಮತ್ತೊಮ್ಮೆ ಕೂಡಿಸಿ ನೋಡಿದಳು. ಅಷ್ಟರಲ್ಲಿ ಮ್ಯಾನೇಜರು ಬಂದರು. ಹೊರಗೆ ಲಾರಿ ಕಾಯುತ್ತಿತ್ತು, ಅವರ ಮುಖದ ಮೇಲೆ ಬೆವರು.

"ಸರ್, ಸರಾಸರಿ ನಾನೂರ ತೊಂಬತ್ತೈದು ಬಂದಿದೆ. ಮಿಷನ್ ನಿಲ್ಲಿಸ್ಬೇಕು."

"ಐದು ಗ್ರಾಂಗಾ? ಲಾರಿ ನಿಂತಿದೆಯಲ್ಲಮ್ಮ!" ಮ್ಯಾನೇಜರು ಹಿರಿಸೊಸೆಯ ಕಡೆ ತಿರುಗಿದರು. "ನೀವೇನಂತೀರಿ?"

ಹಿರಿಸೊಸೆಗೆ ಉತ್ತರ ಗೊತ್ತಿತ್ತು. ಸರಾಸರಿಯ ಆಟ ಎರಡು, ಐದು ಗ್ರಾಂ ಎಂದರೆ ಎರಡೂವರೆ ಆಟದಷ್ಟು ಕೆಳಗೆ. ಯಂತ್ರ ಸರಿಯಾಗಿದ್ದೂ ಸರಾಸರಿ ಇಷ್ಟು ಕೆಳಗಿಳಿಯುವುದು ಸಾವಿರ ಸಲಕ್ಕೆ ಆರು ಸಲ. ಯಂತ್ರ ಕೆಟ್ಟಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಿರಿಸೊಸೆ ಸರಿ ಹೇಳಿದಳು ಎಂದರೆ ಕುರ್ಚಿಯನ್ನು ತಾನೇ ಅವಳಿಗೆ ಎತ್ತಿಕೊಟ್ಟಂತೆ.

"ಐದು ಯಾವ ಲೆಕ್ಕ ಸರ್? ಆಟವೇ ಎಂಟಿದೆ. ನಾಲ್ಕು ಪೊಟ್ಟಣ ತೂಗಿದ್ರೆ ಒಂದು ಹಾಗೇ ಬರುತ್ತೆ. ಹೊಸಬರಿಗೆ ಸ್ವಲ್ಪ ಗಾಬರಿ ಜಾಸ್ತಿ."

ಒಂದು ಪೊಟ್ಟಣದ ಮಟ್ಟಿಗೆ ಆ ಮಾತು ಸುಳ್ಳಲ್ಲ. ತೂಗಿದ್ದು ಹದಿನಾರನ್ನು ಎಂಬುದನ್ನು ಮಾತ್ರ ಅವಳು ನುಂಗಿಕೊಂಡಳು. ಮ್ಯಾನೇಜರು ಬದುಕಿದೆಯಾ ಬಡಜೀವವೇ ಎಂದು ಹೊರಟುಹೋದರು. ಕಿರಿಸೊಸೆ ಇವಳ ಮುಖವನ್ನೇ ನೋಡಿದಳು, ಖಾಲಿ ತಟ್ಟೆ ಎತ್ತಿಕೊಂಡು ಕೆಳಗಿಳಿದಳು.

ಗೆದ್ದೆ ಎನಿಸಿತು ಹಿರಿಸೊಸೆಗೆ. ಒಂದು ಲೋಟ ನೀರು ಕುಡಿದಳು, ಖಾಲಿ ಕುರ್ಚಿಯ ಧೂಳನ್ನು ಸೆರಗಿನಿಂದ ಒರೆಸಿದಳು. ಕೆಳಗೆ ಯಂತ್ರ ಗಡಗಡ ಎನ್ನುತ್ತಲೇ ಇತ್ತು. ಒಂದೊಂದು ಗಡಗಡಕ್ಕೂ ಒಂದೊಂದು ಕಡಿಮೆ ತೂಕದ ಪೊಟ್ಟಣ. ತಾನು ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದು ಇದೊಂದನ್ನೇ, ತೂಕದ ವಿಷಯದಲ್ಲಿ ಬೆರಳು ತೋರಿಸಿಕೊಳ್ಳದ ಮರ್ಯಾದೆ. ಇನ್ನೊಬ್ಬಳ ಕಾಲೆಳೆಯಲು ಹೋಗಿ ಅದನ್ನೇ ಮಣ್ಣುಪಾಲು ಮಾಡಿದೆನಲ್ಲ ಎಂದು ಆಗ ಹೊಳೆಯಿತು. ಹೋಗಿ ನಿಲ್ಲಿಸಿಬಿಡೋಣ, ಮತ್ತೆ ಲೆಕ್ಕ ಹಾಕಿದೆ ಎಂದು ಏನಾದರೂ ಹೇಳಿದರಾಯಿತು ಎಂದು ಎದ್ದು ಬಾಗಿಲಿಗೆ ಬಂದಳು.

ಅಷ್ಟರಲ್ಲಿ ಯಂತ್ರವೇ ಸುಮ್ಮನಾಯಿತು.

ದಡದಡ ಇಳಿದು ನೋಡಿದರೆ ಫಿಟ್ಟರ್ ಆಗಲೇ ಪುಡಿ ಸುರಿಯುವ ಕೊಳವೆ ಬಿಚ್ಚಿದ್ದ. ತೇವ ತಗುಲಿದ ಪುಡಿ ಬಾಯಿಗೆ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಮ್ಯಾನೇಜರು ಇವಳನ್ನು ಕಂಡವರೇ ಕೈ ಜೋಡಿಸಿದರು.

"ಅನುಭವ ಅಂದ್ರೆ ಇದು ನೋಡಿ! ನನ್ನ ಮುಂದೆ ಪರವಾಗಿಲ್ಲ ಅಂದ್ರೂ, ನೀವು ನಿಮ್ಮ ವಾರಗಿತ್ತಿ ಕೈಲಿ ಇಲ್ಲಿಯ ತಕ್ಕಡಿಯಲ್ಲೇ ಇನ್ನೂ ಹದಿನಾರು ತೂಗಿಸಿದ್ರಂತಲ್ಲ. ಈ ಸಲ ನಾನೂರ ತೊಂಬತ್ನಾಲ್ಕು. ಒಂದು ಸಲ ಅದೃಷ್ಟ ಕೈಕೊಡಬಹುದು, ಎರಡು ಸಲ ಹಾಗೆ ಆಗಲ್ಲ, ನಿಲ್ಲಿಸು ಅಂದ್ರಂತೆ. ಆ ಕುರ್ಚಿ ನಿಮ್ಮದೇ, ನಾಳೆಯಿಂದ ಕೂತ್ಕೊಳ್ಳಿ."

ಹಿರಿಸೊಸೆ ಕಕ್ಕಾಬಿಕ್ಕಿಯಾಗಿ ಕಿರಿಸೊಸೆಯತ್ತ ನೋಡಿದಳು. ಅವಳು ಪೊಟ್ಟಣಗಳನ್ನು ತಟ್ಟೆಗೆ ಜೋಡಿಸುವುದರಲ್ಲಿ ಮುಳುಗಿದ್ದಳು.

ಮನೆಗೆ ನಡೆಯುವಾಗ ತಡೆಯಲಾರದೆ ಕೇಳಿಯೇಬಿಟ್ಟಳು. "ನಾನು ಹಾಗೆ ಹೇಳೇ ಇಲ್ಲವಲ್ಲ. ಯಾಕೆ ಹೇಳ್ದೆ?"

"ನೀವೇ ಕಲಿಸಿದ ಲೆಕ್ಕ ನಿಮಗೆ ಗೊತ್ತಿರಲ್ವಾ ಅಕ್ಕ? ಬೆಳಗ್ಗೆಯಿಂದ ಮುಖ ಬಾಡಿತ್ತು, ತಲೆನೋವೇನೋ ಅಂದ್ಕೊಂಡೆ. ನಿಮ್ಮ ಬಾಯಿಂದ ತಪ್ಪು ಬಂತು ಅಂತ ಅವರ ಮುಂದೆ ಹೇಳೋಕೆ ನನಗೆ ಮನಸ್ಸು ಬರ್ಲಿಲ್ಲ."

ಇವಳು ನಿಜವಾಗಿ ಏನೂ ಅರಿಯದವಳೋ, ಎಲ್ಲ ಅರಿತೂ ಅರಿಯದಂತಿದ್ದಾಳೋ? ಹಿರಿಸೊಸೆ ಓರೆಗಣ್ಣಿನಿಂದ ನೋಡಿದಳು. ಏನೂ ತಿಳಿಯಲಿಲ್ಲ. ನಾಲ್ಕು ಮಾತು ಆಡಿ ತೋರಿಸಿದ್ದರೆ ಆಗುತ್ತಿತ್ತು, ಜಗಳವಾಡಿ ಹಗುರಾಗಬಹುದಿತ್ತು. ಜಗಳಕ್ಕೂ ಒಂದು ಎಳೆ ಬಿಡದವಳ ಜೊತೆ ಬಾಳುವುದಾದರೂ ಹೇಗೆ? ಬಯಸಿದ ಕುರ್ಚಿ ಸಿಕ್ಕಿತ್ತು. ಅದನ್ನೂ ಇವಳ ಕೈಯಿಂದಲೇ ಪಡೆಯಬೇಕಾಯಿತಲ್ಲ ಎಂದು ಹೊಟ್ಟೆಯೊಳಗಿನ ಉರಿ ಎದೆಗೂ ಏರಿತು.

ಮನೆಯ ಹೊಸಿಲು ದಾಟುವ ಮೊದಲೇ ಕಿರಿಸೊಸೆ ಕೂಗಿದಳು. "ಅತ್ತೆ, ಅಕ್ಕ ಇನ್ನು ನಮ್ಮ ಕೋಣೆಗೆ ಮುಖ್ಯಸ್ಥೆ! ನಾಳೆಯಿಂದ ನಾನು ಅವರ ಕೈಕೆಳಗೆ!"

ಅತ್ತೆ ಮಂಡಿ ಹಿಡಿದುಕೊಂಡು ಎದ್ದು ಬಂದಳು. ಹಿರಿಸೊಸೆ ಬಾಗಿಲಲ್ಲೇ ನಿಂತಳು. ಒಂದು ಸಲ, ಇದೊಂದು ಸಲವಾದರೂ ಆ ಕೈ ತನ್ನ ಬೆನ್ನು ತಟ್ಟೀತು ಎಂದು ಮನಸ್ಸು ಚಿಕ್ಕ ಹುಡುಗಿಯಂತೆ ಆಸೆಪಟ್ಟಿತು. ಅತ್ತೆ ಇವಳನ್ನು ದಾಟಿ ಹೋಗಿ ಕಿರಿಸೊಸೆಯ ಕೆನ್ನೆ ಸವರಿದಳು.

"ಎಷ್ಟು ಒಳ್ಳೇ ಮನಸ್ಸೇ ನಿಂದು ಪುಟ್ಟಿ! ಬೇರೆ ಯಾರಾದ್ರೂ ಆಗಿದ್ರೆ ಹೊಟ್ಟೆಕಿಚ್ಚು ಪಟ್ಕೊಂಡು ಸಾಯ್ತಿದ್ರು." ಆಮೇಲೆ ನೆನಪಾದವಳಂತೆ ತಿರುಗಿ ಕೇಳಿದಳು. "ಹೌದೋ ಅಲ್ವೋ, ನೀನೇ ಹೇಳು."

"ಹೌದತ್ತೆ," ಎಂದಳು ಹಿರಿಸೊಸೆ. "ಸಾಯ್ತಿದ್ರು."