ಅರವತ್ತಾರು ಚೂರಿಗಳ ಸುಂಕ

ಬೆಳಿಗ್ಗೆ ಆರಕ್ಕೆ ಮೀನಿನ ಕಾರ್ಖಾನೆಯ ಕೊಯ್ಯುವ ಹಾಲ್‌ನೊಳಗೆ ಹೊಕ್ಕರೆ ಹೊರಗೆ ಬಿಸಿಲಿದೆಯೋ ಮೋಡವಿದೆಯೋ ಗೊತ್ತಾಗುತ್ತಿರಲಿಲ್ಲ. ಉದ್ದನೆಯ ತಗಡಿನ ಮೇಜು. ಅದರ ಕೆಳಗೆ ಹಿಮ್ಮಡಿ ಮುಳುಗುವಷ್ಟು ಐಸಿನ ನೀರು. ಈ ಕಡೆ ಇಪ್ಪತ್ತೊಂದು, ಆ ಕಡೆ ಇಪ್ಪತ್ತೊಂದು ಹೆಂಗಸರು. ಹೊಟ್ಟೆ ಸೀಳಬೇಕು, ಕರುಳು ತೆಗೆಯಬೇಕು, ಮುಳ್ಳು ಬಿಡಿಸಿ ಮಾಂಸ ಬೇರೆ ಮಾಡಬೇಕು. ಬುಟ್ಟಿ ಲೆಕ್ಕದಲ್ಲಿ ಕೂಲಿ. ಚೂರಿ ಮೊಂಡಾದರೆ ಮೀನು ಹರಿಯುತ್ತದೆ. ಹರಿದ ಮೀನಿಗೆ ಕೂಲಿ ಇಲ್ಲ. ಚೂರಿಯನ್ನು ಮಾತ್ರ ಅವರವರೇ ತರಬೇಕು.

ಆ ಮೇಜಿನ ಮುಂದೆ ಅತ್ತಿಗೆ ನಿಂತು ಹತ್ತೊಂಬತ್ತು ವರ್ಷವಾಗಿತ್ತು. ನಿಜಕ್ಕೂ ಅವಳು ಅತ್ತಿಗೆಯಾಗಿದ್ದು ಒಬ್ಬಳಿಗೇ, ಪಕ್ಕದಲ್ಲಿ ನಿಲ್ಲುತ್ತಿದ್ದ ನಾದಿನಿಗೆ. ನಾದಿನಿ ದಿನಕ್ಕೆ ನೂರು ಸಲ ಕೂಗಿ ಕೂಗಿ ಅವಳು ಇಡೀ ಹಾಲ್‌ಗೇ ಅತ್ತಿಗೆಯಾಗಿಬಿಟ್ಟಿದ್ದಳು. ಗಂಡ ಸತ್ತ ಮೇಲೂ ಅವಳು ನಾದಿನಿಯ ಜೊತೆ ಒಂದೇ ಕೋಣೆಯಲ್ಲಿದ್ದಳು. ಒಂದೇ ಸ್ಟವ್, ಒಂದೇ ಕನ್ನಡಿ. ಸಂಜೆಯಾದರೆ ಅತ್ತಿಗೆಯ ಬಲ ಮಣಿಕಟ್ಟು ಬನ್ನಿನ ಹಾಗೆ ಊದುತ್ತಿತ್ತು. ನಾದಿನಿ ಬಿಸಿನೀರಿನ ಬಟ್ಟೆ ಹಿಂಡಿ ಸುತ್ತುತ್ತಿದ್ದಳು.

ಒಂದು ದಿನ ಮೇಸ್ತ್ರಿ ಕಾಗದದ ಕಟ್ಟು ಹಿಡಿದುಕೊಂಡು ಬಂದ.

"ಧಣಿಗಳು ನಿಮಗೋಸ್ಕರ ಫಾರಿನ್ ಚೂರಿ ತರಿಸ್ತಾ ಇದ್ದಾರೆ. ಬೆಣ್ಣೆಗೆ ಹಾಕಿದ ಹಾಗೆ ಇಳಿಯತ್ತೆ. ಎಲ್ರೂ ಗುರುತಿನ ಚೀಟಿ ಜೆರಾಕ್ಸ್ ಕೊಡಿ. ಇಲ್ಲೊಂದು, ಇಲ್ಲೊಂದು, ಇಲ್ಲೊಂದು ಸಹಿ."

"ಚೂರಿಗ್ಯಾಕೆ ನಮ್ಮ ಗುರುತು ಮೇಸ್ತ್ರಿ? ಕೊಯ್ಯೋಕೆ ಮುಂಚೆ ಹೆಸರು ಕೇಳತ್ತಾ ಅದು?" ಎಂದಳು ಅತ್ತಿಗೆ.

ಹಾಲ್ ಪೂರ್ತಿ ನಕ್ಕಿತು. ಮೇಸ್ತ್ರಿಯೂ ನಕ್ಕ. "ನಿನ್ನ ಬಾಯಿಗಿಂತ ಹರಿತ ಇರಲ್ಲ ಬಿಡು ಅದು. ಹಾಕು, ಹಾಕು. ಬುಟ್ಟಿ ಕಾಯ್ತಾ ಇದೆ."

ಒದ್ದೆ ಕೈಯಲ್ಲೇ ಸಹಿ ಹಾಕಿದರು. ಯಾರೂ ಓದಲಿಲ್ಲ. ಓದುವಷ್ಟು ಹೊತ್ತಿಗೆ ಅರ್ಧ ಬುಟ್ಟಿ ಮೀನು ಮುಗಿಸಬಹುದಿತ್ತು.

ಚೂರಿ ಬಂತು. ಅದು ಒಳ್ಳೆಯ ಚೂರಿಯೇ, ಸುಳ್ಳು ಹೇಳಬಾರದು. ತೆಳ್ಳಗೆ ಬಳುಕುವ ಅಲಗು, ಒದ್ದೆಯಾದರೂ ಜಾರದ ಕಪ್ಪು ಹಿಡಿ. ವಾರ ಕಳೆಯುವಷ್ಟರಲ್ಲಿ ಅತ್ತಿಗೆಯ ಮಣಿಕಟ್ಟಿನ ಊತ ಇಳಿಯಿತು. ತಿಂಗಳ ಕೂಲಿ ಚೀಟಿಯಲ್ಲಿ ಮಾತ್ರ ಎರಡು ಸಾಲು ಹೆಚ್ಚಾಗಿದ್ದವು. ಒಂದು ಚೂರಿಯ ಬೆಲೆ, ಇನ್ನೊಂದು ಚೂರಿಯ ಸುಂಕ.

"ಸಮುದ್ರ ದಾಟಿ ಬಂದಿದೆ. ಸುಂಕ, ತೆರಿಗೆ ಅಂತ ಸರ್ಕಾರಕ್ಕೆ ಕಟ್ಟಬೇಕಲ್ಲ. ಧಣಿಗಳು ಮನೆಯಿಂದ ಕಟ್ತಾರಾ?" ಎಂದ ಮೇಸ್ತ್ರಿ.

ನಾಲ್ಕು ತಿಂಗಳು ಕೂಲಿಯಲ್ಲಿ ಹಿಡಿದರು. ಹೋಗಲಿ, ಕೈ ನೋವಾದರೂ ಹೋಯಿತಲ್ಲ ಎಂದು ಅತ್ತಿಗೆ ಸುಮ್ಮನಾದಳು.

ಮಳೆಗಾಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅಂಚೆಯವನು ಕೋಣೆಯ ಬಾಗಿಲಲ್ಲಿ ನಿಂತು ಸಹಿ ಕೇಳಿದ. ಕಂದು ಲಕೋಟೆ, ಮೇಲೆ ಕೆಂಪು ಮುದ್ರೆ. ಅತ್ತಿಗೆ ಅದನ್ನು ಪೇಪರಮ್ಮನ ಮನೆಗೆ ಒಯ್ದಳು. ಪೇಪರಮ್ಮ ಮೇಜಿನ ಆ ಕಡೆಯವಳು. ಮೀನು ಸುತ್ತುವ ಹಳೆಯ ಪತ್ರಿಕೆಯನ್ನೆಲ್ಲ ಬಿಡದೆ ಓದುತ್ತಿದ್ದಳು, ಅದಕ್ಕೇ ಆ ಹೆಸರು. ಅವಳು ಕಾಗದವನ್ನು ಒಂದು ಸಲ ಓದಿದಳು. ಇನ್ನೊಂದು ಸಲ ಓದಿದಳು. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದಳು.

"ಅತ್ತಿಗೆ, ನಿಮ್ಮ ಹೆಸರಲ್ಲಿ ಹೊರದೇಶದಿಂದ ಹನ್ನೊಂದು ಪಾರ್ಸೆಲ್ ಬಂದಿದೆಯಂತೆ. ಒಂದೊಂದರಲ್ಲಿ ಆರು ಚೂರಿ. ಒಟ್ಟು ಅರವತ್ತಾರು."

"ನನಗೆ ಸಿಕ್ಕಿದ್ದು ಒಂದೇ ಕಣೇ."

"ಸ್ವಂತಕ್ಕೆ ಅಂತ ಬರೆದು ತರಿಸಿದ ಸಣ್ಣ ಪಾರ್ಸೆಲ್‌ಗೆ ಸುಂಕ ಇಲ್ಲವಂತೆ. ಮಾರೋಕೆ ತರಿಸಿದ್ರೆ ಪೂರ್ತಿ ಸುಂಕ, ಅದರ ಮೇಲೆ ತೆರಿಗೆ. ನೀವು ಸ್ವಂತಕ್ಕೆ ಅಂತ ಸುಳ್ಳು ಬರೆದು ಮಾರಿದ್ದೀರಂತೆ. ಇಪ್ಪತ್ತಕ್ಕೆ ಸುಂಕದ ಕಚೇರಿಗೆ ಬರಬೇಕಂತೆ. ಸುಂಕ, ತೆರಿಗೆ, ಬಡ್ಡಿ, ದಂಡ." ಪೇಪರಮ್ಮ ಮೊತ್ತ ಹೇಳಿದಳು.

ಅಷ್ಟನ್ನು ಗಳಿಸಲು ಎಷ್ಟು ಮೀನಿನ ಹೊಟ್ಟೆ ಸೀಳಬೇಕು ಎಂದು ಯೋಚಿಸಲು ಹೋದ ಅತ್ತಿಗೆ ಲೆಕ್ಕವನ್ನು ಅರ್ಧಕ್ಕೇ ಬಿಟ್ಟಳು.

ಮರುದಿನ ಮೇಸ್ತ್ರಿಯನ್ನು ಕೇಳಿದರೆ ಅವನಿಗೆ ಆಶ್ಚರ್ಯವೇ ಆಗಲಿಲ್ಲ. ಅವಳನ್ನು ಐಸಿನ ಕೋಣೆಯ ಹಿಂದಕ್ಕೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದ.

"ಇಪ್ಪತ್ತನೇ ತಾರೀಕು ಕರೆದಿದ್ದಾರೆ ತಾನೆ? ಹೋಗು. ಹೌದು, ನನ್ನವೇ ಅನ್ನು. ಉಳಿದದ್ದು ಧಣಿಗಳು ನೋಡ್ಕೊಳ್ತಾರೆ."

"ನನ್ನವಲ್ಲದ್ದನ್ನ ನನ್ನವು ಅಂತ ಹೇಗೆ ಹೇಳಲಿ?"

"ಸಹಿ ನಿಂದೇ ಅಲ್ವಾ?" ಎಂದ ಮೇಸ್ತ್ರಿ. "ನೋಡು ಅತ್ತಿಗೆ. ಸುಂಕದವರು ಬರೀ ದುಡ್ಡು ಕೇಳ್ತಾರೆ. ಒಂಟಿ ಹೆಂಗಸಿನ ಹೆಸರಲ್ಲಿ ಅರವತ್ತಾರು ಚೂರಿ ಅಂತ ಪೊಲೀಸರಿಗೆ ಗೊತ್ತಾದ್ರೆ, ಯಾರ ಕುತ್ತಿಗೆಗೆ ಅಂತ ಕೇಳ್ತಾರೆ."

ಆವತ್ತು ಸಂಜೆಯಿಂದ ಅವರ ಕೋಣೆಯ ಎದುರು ಬೈಕಿನ ಮೇಲೆ ಒಬ್ಬ ಕೂರತೊಡಗಿದ. ಯಾರನ್ನೂ ಮಾತಾಡಿಸುತ್ತಿರಲಿಲ್ಲ. ಫೋನು ನೋಡುತ್ತಿದ್ದ, ತಲೆಯೆತ್ತಿ ಬಾಗಿಲು ನೋಡುತ್ತಿದ್ದ. ಎರಡನೆಯ ದಿನ ಮನೆಯ ಮಾಲೀಕ ಬಂದು, "ನಿಮ್ಮ ಮೇಲೆ ಏನೋ ಕೇಸಂತೆ" ಎಂದ. ಮೂರನೆಯ ದಿನ ನಾದಿನಿಯ ಕೈ ತಪ್ಪಿ ಚೂರಿ ಹೆಬ್ಬೆರಳಿಗೆ ತಗುಲಿತು.

ಬೆರಳಿಗೆ ಬಟ್ಟೆ ಸುತ್ತಿಸಿಕೊಳ್ಳುತ್ತ ಅವಳು ಅತ್ತಳು. "ಒಪ್ಕೊಂಡುಬಿಡಿ ಅತ್ತಿಗೆ. ನನಗೂ ಬಂದಿದೆ ಆ ಕಾಗದ. ನಾನು ಹೇಳಿರಲಿಲ್ಲ. ಇಪ್ಪತ್ತೆರಡಕ್ಕೆ ನನ್ನ ಸರದಿ."

ಅತ್ತಿಗೆಯ ಕೈ ನಿಂತಿತು. "ನನಗ್ಯಾಕೆ ಹೇಳಲಿಲ್ಲ?"

"ನಾಚಿಕೆ ಆಯ್ತು. ಯಾರಿಗಾದ್ರೂ ಹೇಳಿದ್ರೆ ಕೆಲಸ ಹೋಗತ್ತೆ ಅಂತ ಮೇಸ್ತ್ರಿ ಅಂದ. ಅಲ್ಲಿ ಹೋಗಿ ಏನು ಹೇಳ್ತೀರಿ? ಸುಂಕದವನ ಮುಂದೆ ಸುಖದುಃಖ ಹೇಳ್ಕೊಂಡ್ರೆ ಆಗತ್ತಾ?"

ಅತ್ತಿಗೆ ಬಟ್ಟೆಯ ಗಂಟು ಬಿಗಿದಳು. ಮರುದಿನ ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಕೈ ತೊಳೆಯುವ ನಲ್ಲಿಯ ಹತ್ತಿರ ನಿಂತು, ರವಿಕೆಯೊಳಗಿಂದ ಆ ಕಾಗದ ತೆಗೆದು ಎಲ್ಲರಿಗೂ ಕೇಳುವಂತೆ ಹೇಳಿದಳು.

"ನನಗೆ ಅರವತ್ತಾರು. ನಿಮಗೆಲ್ಲ ಎಷ್ಟೆಷ್ಟು?"

ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಕೊನೆಗೆ ತುದಿಯಲ್ಲಿದ್ದ ಬಸುರಿ ಹೆಂಗಸು ಮೆಲ್ಲಗೆ, "ಐವತ್ತನಾಲ್ಕು" ಎಂದಳು. ಅವಳ ಪಕ್ಕದವಳು, "ನನಗೂ ಅಷ್ಟೇ." ಇನ್ನೊಬ್ಬಳು ಅರವತ್ತು ಎಂದಳು. ಆಮೇಲೆ ತಡೆಯಲಾಗಲಿಲ್ಲ. ರವಿಕೆಗಳಿಂದ, ಊಟದ ಡಬ್ಬಿಯ ತಳದಿಂದ, ಸೊಂಟದ ಗಂಟಿನಿಂದ ಕಂದು ಲಕೋಟೆಗಳು ಹೊರಬಂದವು. "ನನಗೆ ಎಪ್ಪತ್ತೆರಡು. ನಿಮ್ಮೆಲ್ಲರಿಗಿಂತ ನಾನೇ ಸಾಹುಕಾರ್ತಿ" ಎಂದಳು ಪೇಪರಮ್ಮ. ಒಬ್ಬಿಬ್ಬರು ನಕ್ಕರು. ಒಬ್ಬೊಬ್ಬರಿಗೆ ಒಂದೊಂದು ತಾರೀಕು ಬಿದ್ದಿತ್ತು. ಒಬ್ಬೊಬ್ಬರ ಕಿವಿಯಲ್ಲೂ ಮೇಸ್ತ್ರಿ ಅದೇ ಮಾತು ಹೇಳಿದ್ದ.

"ಕೂಲಿ ಚೀಟಿ ಯಾರ್‍ಯಾರ ಹತ್ರ ಇದೆ? ಸುಂಕ ಅಂತ ಹಿಡಿದದ್ದು?" ಎಂದಳು ಅತ್ತಿಗೆ. "ನಮ್ಮ ಹೆಸರಲ್ಲಿ ತರಿಸಿ ಧಣಿಗಳು ಮಾರ್ಕೊಂಡಿದ್ದಾರೆ. ದುಃಖ ಹೇಳ್ಕೊಳೋಕೆ ಬೇಡ. ಚೀಟಿ ತೋರಿಸೋಕೆ ಹೋಗೋಣ. ಇಪ್ಪತ್ತಕ್ಕೆ, ಎಲ್ರೂ."

ಇಪ್ಪತ್ತರ ಬೆಳಿಗ್ಗೆ ನಲವತ್ತೆರಡು ಹೆಂಗಸರು ಸುಂಕದ ಕಚೇರಿಯ ಮೆಟ್ಟಿಲು ಹತ್ತಿದರು. ನಾದಿನಿ ಎಲ್ಲರಿಗಿಂತ ಹಿಂದೆ, ಕಟ್ಟು ಹಾಕಿದ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಿದ್ದಳು.

ಬಾಗಿಲಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ. "ಒಬ್ಬೊಬ್ಬರೇ, ಒಬ್ಬೊಬ್ಬರೇ."

"ಸಹಿ ಹಾಕಿಸ್ಕೊಂಡಾಗ ಒಟ್ಟಿಗೇ ನಿಲ್ಲಿಸಿದ್ರಪ್ಪಾ" ಎಂದು ಅತ್ತಿಗೆ ಅವನ ಕೈ ಕೆಳಗೆ ನುಸುಳಿದಳು. ಮೀನಿನ ವಾಸನೆಗೋ ಏನೋ, ಅವನು ಹಿಂದೆ ಸರಿದ.

ಒಳಗೆ ಕನ್ನಡಕದ ಅಧಿಕಾರಿ ಕೂತಿದ್ದ. ಆಯಾಸದ ಮುಖ. ಮೇಜಿನ ಎರಡೂ ಕಡೆ ದಾರ ಕಟ್ಟಿದ ಫೈಲುಗಳ ರಾಶಿ. ಅತ್ತಿಗೆಯ ಹೆಸರು ಕೇಳಿ ಒಂದು ಹಾಳೆ ಮುಂದಕ್ಕೆ ತಳ್ಳಿದ.

"ನಿಮ್ಮ ಹೇಳಿಕೆ. ಕೆಳಗೆ ಸಹಿ ಮಾಡಿ."

"ನಾನಿನ್ನೂ ಏನೂ ಹೇಳೇ ಇಲ್ವಲ್ಲ ಸಾರ್?"

ಪೇಪರಮ್ಮ ಹಾಳೆಯನ್ನು ಕೈಗೆ ತೆಗೆದುಕೊಂಡು ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿದಳು. "ಈ ಎಲ್ಲ ಚೂರಿಗಳನ್ನು ನಾನೇ ನನ್ನ ಇಚ್ಛೆಯಿಂದ ತರಿಸಿ ಮಾರಿರುತ್ತೇನೆ. ಇದಕ್ಕೂ ಕಾರ್ಖಾನೆಯ ಮಾಲೀಕರಿಗೂ ಯಾವ ಸಂಬಂಧವೂ ಇರುವುದಿಲ್ಲ." ಅವಳು ತಲೆಯೆತ್ತಿದಳು. "ಮೇಲಿರೋ ತಾರೀಕು ಹದಿನೈದು, ಸಾರ್. ಐದು ದಿನ ಮುಂಚಿನದು."

ಅಧಿಕಾರಿ ಕನ್ನಡಕ ಒರೆಸಿಕೊಂಡ. "ಪಾರ್ಸೆಲ್ ಮೇಲೆ ನಿಮ್ಮ ಹೆಸರಿದೆ. ಕಾನೂನು ಹೆಸರು ನೋಡತ್ತೆ."

ಅತ್ತಿಗೆ ತನ್ನ ಕೂಲಿ ಚೀಟಿ ಇಟ್ಟಳು. ಅದರ ಮೇಲೆ ಬಸುರಿಯ ಚೀಟಿ. ಅದರ ಮೇಲೆ ಇನ್ನೊಂದು. "ಇದರಲ್ಲಿ ಯಾರ ಹೆಸರಿದೆ ನೋಡಿ ಸಾರ್. ಕಾರ್ಖಾನೆ ಮುದ್ರೆ ಇದೆ. ನಾಲ್ಕು ತಿಂಗಳು ಸುಂಕ ಅಂತ ಹಿಡಿದಿದ್ದಾರೆ. ನಾವು ಕಟ್ಟಿದ ಸುಂಕ ನಿಮಗೆ ಬಂದಿಲ್ಲ ಅಂದ್ರೆ, ಹೋಗಿದ್ದು ಎಲ್ಲಿಗೆ?"

ಅವನು ಮೇಲಿನ ಚೀಟಿ ನೋಡಿದ. ಕೆಳಗಿನದನ್ನೂ ಎತ್ತಿ ನೋಡಿದ. ಆಮೇಲೆ ಎಲ್ಲವನ್ನೂ ಅವಳ ಕಡೆಗೇ ಸರಿಸಿದ. "ಇದೆಲ್ಲ ನನ್ನ ವ್ಯಾಪ್ತಿಗೆ ಬರಲ್ಲ. ಸಹಿ ಮಾಡಿ, ಇಲ್ಲಾ ಹೊರಗೆ ಕೂತ್ಕೊಳ್ಳಿ."

"ಇಲ್ಲೇ ಕೂತ್ಕೋತೀವಿ" ಎಂದಳು ಅತ್ತಿಗೆ, ಮತ್ತು ನೆಲದ ಮೇಲೆ ಕೂತಳು.

ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಕೋಣೆ ತುಂಬಿತು, ಮೆಟ್ಟಿಲೂ ತುಂಬಿತು. ಪೊಲೀಸರನ್ನು ಕರೆಸುತ್ತೇನೆ ಎಂದ ಅಧಿಕಾರಿ. ಯಾರೂ ಏಳಲಿಲ್ಲ. ಕಿಟಕಿಯಿಂದ ಇಣುಕಿದ ನಾದಿನಿಗೆ ರಸ್ತೆಯಾಚೆ ಅದೇ ಬೈಕು ಕಂಡಿತು. ಅದರ ಮೇಲೆ ಕೂತವನು ಯಾರಿಗೋ ಫೋನು ಮಾಡುತ್ತಿದ್ದ.

ಹನ್ನೊಂದಾಯಿತು. ಹನ್ನೆರಡಾಯಿತು. ಮೇಸ್ತ್ರಿ ಏದುಸಿರು ಬಿಡುತ್ತ ಓಡಿ ಬಂದ. ಅವನ ಅಂಗಿ ಬೆನ್ನಿಗೆ ಅಂಟಿತ್ತು.

"ಏನ್ರಮ್ಮಾ ಇದು! ಆರು ದೋಣಿ ಮೀನು ಇಳಿದಿದೆ. ಐಸು ಕರಗ್ತಾ ಇದೆ. ಏಳ್ರಮ್ಮಾ, ಆಮೇಲೆ ಮಾತಾಡೋಣ. ತಾಯಂದಿರಾ, ಕೈ ಮುಗೀತೀನಿ."

ಹತ್ತೊಂಬತ್ತು ವರ್ಷದಲ್ಲಿ ಅವನು ಯಾರನ್ನೂ ತಾಯಿ ಎಂದಿರಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನನ್ನ ಬೆರಳು ಗಾಯ ಆಗಿದೆ ಮೇಸ್ತ್ರಿ" ಎಂದಳು ನಾದಿನಿ ಬಾಗಿಲ ಹತ್ತಿರದಿಂದ. ಸಣ್ಣ ದನಿ, ಆದರೂ ಎಲ್ಲರಿಗೂ ಕೇಳಿಸಿತು. "ಇವತ್ತು ಕೊಯ್ಯಕ್ಕಾಗಲ್ಲ."

"ನನಗೂ ಆಗಲ್ಲ" ಎಂದಳು ಬಸುರಿ.

ಅಧಿಕಾರಿಯ ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು. ಅವನು ಎತ್ತಿದ, ಎದ್ದು ನಿಂತ. "ಹೌದು ಸಾರ್... ಇಲ್ಲೇ ಇದ್ದಾರೆ ಸಾರ್... ಧಣಿಗಳೇ, ಅವರು ಏಳ್ತಾ ಇಲ್ಲ" ಎಂದ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ. ನೆಲದ ಮೇಲೆ ಕೂತವರೆಲ್ಲ ತಲೆಯೆತ್ತಿ ಅವನನ್ನೇ ನೋಡಿದರು. ಅವನು ಫೋನಿಟ್ಟ. ಅದು ಮತ್ತೆ ಹೊಡೆದುಕೊಂಡಿತು. ಈ ಸಲ ಅವನು ಎತ್ತಲಿಲ್ಲ.

ಅತ್ತಿಗೆ ಎದ್ದು ಬಂದು ಅವನ ಎದುರಿನ ಕುರ್ಚಿ ಎಳೆದುಕೊಂಡು ಕೂತಳು.

"ಹೊಸ ಹಾಳೆ ತಗೊಳ್ಳಿ ಸಾರ್" ಎಂದಳು. "ನಿಧಾನಕ್ಕೆ ಹೇಳ್ತೀನಿ. ಬರ್ಕೊಳ್ಳಿ."